ಖಾಲಿ ಎಂದು ಬರೆದ ಕಾಲೊನಿ

ಡ್ರೋನ್ ಮನೆಗೆ ಬಂದ ದಿನವೇ ನನ್ನ ಗಂಡ ಅದಕ್ಕೆ ಮಿಕ್ಸಿ ಎಂದು ಹೆಸರಿಟ್ಟರು. ಶಬ್ದ ಹಾಗೇ ಇತ್ತು, ಇಲ್ಲ ಎನ್ನಲಾರೆ. ಡೊಂಬಿವಲಿಯಲ್ಲಿ ಇಪ್ಪತ್ತು ವರ್ಷ ಸಸ್ಯಾಹಾರಿ ಹೋಟೆಲು ನಡೆಸಿದ ಮನುಷ್ಯ. ಯಾವ ಯಂತ್ರ ಕಂಡರೂ ಅಡುಗೆಮನೆಗೇ ತಂದು ನಿಲ್ಲಿಸುತ್ತಾರೆ. "ನಿಂಗೆ ಎಂತ ಆಗಿದೆ ಮಾರಾಯ್ತಿ? ಈ ವಯಸ್ಸಲ್ಲಿ ಗಾಳಿಪಟ ಹಾರಿಸ್ಲಿಕ್ಕೆ ಹೊರಟದ್ದಾ?" ಎಂದರು. ನನಗೆ ಆಗ ಐವತ್ತೊಂದು. "ಈ ವಯಸ್ಸಲ್ಲಿ" ಎಂದು ಶುರುವಾಗುವ ಯಾವ ಮಾತನ್ನೂ ನಾನು ಕೊನೆಯವರೆಗೆ ಕೇಳಿದವಳಲ್ಲ.

ಠಾಣೆಯ ವಿಮಾ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದು ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. ಮಾರನೆಯ ವಾರದಿಂದಲೇ ಸೊಸೈಟಿಯ ಹೆಂಗಸರು, ನಾದಿನಿಯರು, ಹೋಟೆಲಿನ ಮ್ಯಾನೇಜರು, ಎಲ್ಲರದೂ ಒಂದೇ ಪ್ರಶ್ನೆ: "ನೀವೀಗ ಖಾಲಿ ಅಲ್ವಾ?" ನಾನು ಖಾಲಿ ಎಂದು ಒಬ್ಬಳು ಮಗುವನ್ನು ಬಿಟ್ಟು ಬಾಂದ್ರಾಕ್ಕೆ ಹೋದಳು, ಇನ್ನೊಬ್ಬಳು ಗ್ಯಾಸ್ ಸಿಲಿಂಡರ್ ಬಂದರೆ ಇಳಿಸಿಕೊಳ್ಳಿ ಎಂದು ಬೀಗದ ಕೈ ಕೊಟ್ಟಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಸ್ಟೇಷನ್ ಪಕ್ಕದ ಸ್ಟುಡಿಯೋದವರು ಮದುವೆ ಹಾಲಿನ ತೂಗುದೀಪಕ್ಕೆ ಗುದ್ದಿಸಿದ ಡ್ರೋನೊಂದನ್ನು ಮಾರಲು ಇಟ್ಟಿದ್ದಾರೆಂದು ಕೇಳಿ, ಆ ಸಿಟ್ಟಿನಲ್ಲೇ ಹೋಗಿ ಕೊಂಡುಬಂದೆ.

ನೋಟು ಬದಲಾದ ಮರುವರ್ಷದ ಮಾತು ಇದು. ಆಗ ಡ್ರೋನ್ ಹಾರಿಸಲು ಸರಕಾರದ ಪರವಾನಗಿ ಬೇಕಿತ್ತು. ಅದನ್ನು ಕೊಡುವವರು ಯಾರೆಂದು ಮಾತ್ರ ನಾನು ಕೇಳಿದ ಯಾರಿಗೂ ಗೊತ್ತಿರಲಿಲ್ಲ. ಮದುವೆ ಚಪ್ಪರಗಳ ಮೇಲೆ ಅವು ಧಾರಾಳವಾಗಿ ಹಾರುತ್ತಿದ್ದವು. ನಾನು ಜನ ಇರುವಲ್ಲಿ ಹಾರಿಸುವುದಿಲ್ಲ ಎಂದು ನನಗೆ ನಾನೇ ಒಂದು ಕಾನೂನು ಮಾಡಿಕೊಂಡೆ. ನಮ್ಮ ಕಡೆ ಜನ ಇಲ್ಲದ ಜಾಗ ಎಲ್ಲಿದೆ? ಹುಡುಕುತ್ತ ಹೋದವಳಿಗೆ ಸಿಕ್ಕಿದ್ದು ಬಿಟ್ಟುಹೋದ ಕಟ್ಟಡಗಳು.

ಅಂಥವು ಬೇಕಾದಷ್ಟಿದ್ದವು. ಠಾಣೆ-ಬೇಲಾಪುರ ರಸ್ತೆಯ ಬದಿಯಲ್ಲಿ ಬಾಗಿಲು ಹಾಕಿದ ರಾಸಾಯನಿಕ ಕಾರ್ಖಾನೆಗಳು, ದಿವಾದಲ್ಲಿ ಐದನೇ ಮಹಡಿಗೇ ನಿಂತುಬಿಟ್ಟ ಕಟ್ಟಡಗಳು, ಮುಂಬ್ರಾದ ಗುಡ್ಡದ ಬುಡದಲ್ಲಿ "ಧೋಕಾದಾಯಕ್" ಎಂದು ಕೆಂಪು ಬಣ್ಣದಲ್ಲಿ ಬರೆಸಿಕೊಂಡು ನಿಂತ ಅಪಾಯದ ಚಾಳುಗಳು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಗಂಡ ಹೋಟೆಲಿಗೆ ಹೋದ ಮೇಲೆ, ರಿಕ್ಷಾ ಹಿಡಿದು ಹೊರಡುತ್ತಿದ್ದೆ. ಒಂದು ಬ್ಯಾಟರಿಗೆ ಇಪ್ಪತ್ತು ನಿಮಿಷ, ನನ್ನ ಬಳಿ ಇದ್ದದ್ದು ಎರಡು. ರಿಮೋಟಿಗೆ ಸಿಕ್ಕಿಸಿದ ಮೊಬೈಲಿನಲ್ಲಿ ಕಾಣುತ್ತಿದ್ದದ್ದೆಲ್ಲ ನನಗೆ ಹೊಸದು. ಕಾರ್ಖಾನೆಯೊಂದರ ತಾರಸಿಯ ಮೇಲೆ ನಾಲ್ಕು ಕಬ್ಬಿಣದ ಕುರ್ಚಿಗಳು ಎದುರುಬದುರಾಗಿ ಕೂತಿದ್ದವು, ನಡುವೆ ಎಣ್ಣೆ ಡಬ್ಬ. ಊಟದ ಬಿಡುವಿನಲ್ಲಿ ಇಸ್ಪೀಟು ಆಡಿದ ಜಾಗ. ಅದನ್ನು ನೋಡಿದ ದಿನ ನಾನು ರಾತ್ರಿಯ ಸಾರಿಗೆ ಉಪ್ಪು ಹಾಕಲು ಮರೆತೆ.

ನಾನು ತೆಗೆದ ವಿಡಿಯೋ ನೋಡಿದವರು ಮೊದಲು ಹೇಳುತ್ತಿದ್ದ ಮಾತು, "ಅಯ್ಯೋ, ಭೂತ ಬಂಗಲೆ!" ನನಗೆ ಮೈ ಉರಿಯುತ್ತಿತ್ತು. ನಾವು ಉಡುಪಿಯ ಕಡೆಯವರು. ನಮ್ಮಲ್ಲಿ ಭೂತಕ್ಕೆ ಕೋಲ ಕೊಡುತ್ತಾರೆ, ನ್ಯಾಯ ಕೇಳುತ್ತಾರೆ, ಹೆದರಿ ಓಡುವುದಿಲ್ಲ. ಅಲ್ಲಿ ಭೂತ ಇದ್ದಿದ್ದರೆ ಒಳ್ಳೆಯದೇ ಇತ್ತು, ಕಿಟಕಿ ಚೌಕಟ್ಟು ಕಿತ್ತುಕೊಂಡು ಹೋದವರಿಗೆ ನಾಲ್ಕು ಮಾತು ಕೇಳುತ್ತಿತ್ತು.

ಕಲ್ಯಾಣದ ಆಚೆಯ ಕಾಲೊನಿಗೆ ಹೋಗುವುದನ್ನು ಮಾತ್ರ ಮುಂದೂಡುತ್ತಲೇ ಬಂದಿದ್ದೆ. ಅದು ನೂಲಿನ ಗಿರಣಿಯೊಂದರ ಕಾಮಗಾರರ ಕಾಲೊನಿ: ಹತ್ತು ಕಟ್ಟಡ, ಒಂದು ಶಾಲೆ, ಒಂದು ದವಾಖಾನೆ, ಗೇಟಿನ ಒಳಗೆ ಒಂದು ಕ್ಯಾಂಟೀನು. ಕ್ಯಾಂಟೀನು ನಡೆಸುತ್ತಿದ್ದವರು ನನ್ನ ಅಪ್ಪ. ನನ್ನ ಹತ್ತನೇ ಕ್ಲಾಸಿನವರೆಗೆ ನಾವು ಅದರ ಹಿಂದಿನ ಕೋಣೆಯಲ್ಲಿದ್ದೆವು. ಬೆಳಗಿನ ಪಾಳಿಯ ಜನ ಮುಗಿಬಿದ್ದು ಇಡ್ಲಿ ತೀರಿದ ಕೂಡಲೇ ಅಪ್ಪ ತಗಡಿನ ಬೋರ್ಡೊಂದನ್ನು ತೂಗುಹಾಕುತ್ತಿದ್ದರು: ಖಾಲಿ. ಅಪ್ಪನ ಪಾಲಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇರಲಿಲ್ಲ. ಎರಡು ಸಾವಿರದ ದಶಕದ ಕೊನೆಯಲ್ಲಿ ಗಿರಣಿ ಬಾಗಿಲು ಹಾಕಿತು. ಆ ಹೊತ್ತಿಗೆ ಅಪ್ಪ ತೀರಿಹೋಗಿದ್ದರು, ನಾನು ಡೊಂಬಿವಲಿಯ ಸಂಸಾರಿಯಾಗಿದ್ದೆ.

ಒಂದು ಬೆಳಿಗ್ಗೆ ಹೋದೆ. ಗೇಟಿನಲ್ಲಿ ಕಾವಲುಗಾರ, ಅವನ ಹಿಂದೆ ಆಳೆತ್ತರದ ಹೊಸ ತಗಡಿನ ಬೇಲಿ. ಬೇಲಿಗೆ ಎರಡು ಕಾಗದ ಅಂಟಿಸಿದ್ದರು. ಒಂದು ಮರಾಠಿಯ ನೋಟೀಸು: ಕಟ್ಟಡಗಳನ್ನು ಕೆಡವಲಾಗುವುದು, ಆಕ್ಷೇಪ ಇದ್ದವರು ಅವತ್ತಿಗೆ ಹನ್ನೆರಡನೇ ದಿನ ಕಲ್ಯಾಣದ ಕಚೇರಿಯಲ್ಲಿ ನಡೆಯುವ ಸುನಾವಣಿಗೆ, ಅಂದರೆ ವಿಚಾರಣೆಗೆ, ಬರಬೇಕು. ಇನ್ನೊಂದು ಬಿಲ್ಡರ್ ನೇಮಿಸಿದ ಏಜೆನ್ಸಿಯ ಸರ್ವೇ ಪಟ್ಟಿ, ಹಿಂದಿಯಲ್ಲಿ, ಕೈಬರಹದ್ದು. ಕಟ್ಟಡದ ನಂಬರು, ಖೋಲಿಯ ನಂಬರು, ಹಿಂದೆ ಇದ್ದವರ ಹೆಸರು, ಕೊನೆಯ ಕಾಲಮ್ಮಿನಲ್ಲಿ ಒಂದೇ ಮಾತು: ಖಾಲೀ. ಖಾಲೀ, ಖಾಲೀ, ಖಾಲೀ, ಎರಡು ಪುಟದ ತುಂಬ. ಓದಿ ನಂಬಿದೆ. ನಂಬದಿರಲು ನನಗೆ ಕಾರಣವೂ ಇರಲಿಲ್ಲ.

ಒಳಗೆ ಬಿಡು ಎಂದೆ. "ಅಂದರ್ ಕೋಯೀ ನಹೀಂ ಹೈ, ಮೇಡಂ. ಸಾಂಪ್ ಹೈ," ಎಂದ ಕಾವಲುಗಾರ. ಹಾವು ಬಿಟ್ಟರೆ ಯಾರೂ ಇಲ್ಲ ಎಂದ ಮೇಲೆ ನನ್ನ ಕಾನೂನಿಗೂ ಅಡ್ಡಿ ಇಲ್ಲವಾಯಿತು. ಬೇಲಿ ಸುತ್ತಿ ಹಿಂದಿನ ನಾಲೆಯ ಬದಿಗೆ ಹೋಗಿ ಮಿಕ್ಸಿ ಹಾರಿಸಿದೆ. ತಗಡು ಆಳೆತ್ತರ ಇದ್ದರೆ ನನಗೇನು?

ಮೇಲಿನಿಂದ ನೋಡಿದಾಗ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕ್ಯಾಂಟೀನಿನ ಮಾಡು ಹೋಗಿತ್ತು, ನೆಲದ ಕೆಂಪು ಗಾರೆ ಮಾತ್ರ ಚೌಕವಾಗಿ ಉಳಿದಿತ್ತು. ನಾವು ನಾಲ್ಕು ಜನ ಮಲಗುತ್ತಿದ್ದ ಕೋಣೆ ಅಷ್ಟು ಸಣ್ಣದೇ ಎಂದು ಅಳು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ಮುಂದೆ ಕೊಂಡುಹೋದೆ. ಮೂರನೇ ಕಟ್ಟಡ, ಐದನೆಯದು, ಎಲ್ಲ ಕಡೆ ಹುಲ್ಲು, ಮುರಿದ ಕಿಟಕಿ. ಏಳನೆಯದರ ಹಿಂದೆ ಕೆಂಪಗೆ ಏನೋ ಕಂಡಿತು. ಕೆಳಗಿಳಿಸಿದೆ. ನೂಲಿನ ಮಂಚದ ಮೇಲೆ ಹರಡಿದ ಒಣಮೆಣಸಿನಕಾಯಿ. ಪಕ್ಕದಲ್ಲಿ ಗುಡಿಸಿದ ಅಂಗಳ, ಮೆಂತ್ಯದ ಮಡಿ, ತಂತಿಯ ಮೇಲೆ ಎರಡು ಸೀರೆ, ಒಂದು ಚೂಡಿದಾರ್.

ನಾನಿನ್ನೂ ಕಣ್ಣು ಕಿರಿದುಮಾಡಿ ನೋಡುತ್ತಿದ್ದಂತೆ ಹೆಂಗಸೊಬ್ಬಳು ಹೊರಗೆ ಬಂದಳು. ತಲೆ ಎತ್ತಿ ನೋಡಿದಳು. ಒಳಗೆ ಹೋಗಿ ಉದ್ದನೆಯ ಗಳ ತಂದಳು. ನಾನು ಮೇಲೆತ್ತುವ ಗುಂಡಿಯ ಬದಲು ಎಡಕ್ಕೆ ತಿರುಗಿಸುವುದನ್ನು ಒತ್ತಿದೆ. ಮೊಬೈಲಿನಲ್ಲಿ ಆಕಾಶ, ನುಗ್ಗೆಸೊಪ್ಪು, ಆಕಾಶ, ನೆಲ. ಆಮೇಲೆ ಏನೂ ಇಲ್ಲ.

ಗೇಟಿಗೆ ವಾಪಸು ಬಂದು ಕಾವಲುಗಾರನಿಗೆ ಹೇಳಿದೆ: ನನ್ನ ಸಾಮಾನು ಒಳಗೆ ಬಿದ್ದಿದೆ, ಹೋಗಿ ತರುತ್ತೇನೆ. ಅವನು ಅಡ್ಡ ನಿಂತ. "ನಿನ್ನ ಹಾವು ಕೆಂಪು ಸೀರೆ ಉಟ್ಟು ಮೆಣಸಿನಕಾಯಿ ಒಣಗಿಸುತ್ತಿದೆ, ನೋಡಿದ್ದೇನೆ," ಎಂದು ಹಿಂದಿಯಲ್ಲಿ ಕೂಗಿದೆ. ಅವನು ಬದಿಗೆ ಸರಿದ. ಅವನಿಗೂ ಗೊತ್ತಿತ್ತು, ಹೇಳಬಾರದೆಂದು ಹೇಳಿಸಿಕೊಂಡಿದ್ದ ಅಷ್ಟೇ.

ಅವಳು ಡ್ರೋನನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ. ಮರಾಠಿಯಲ್ಲಿ ಬೈಯಲು ಶುರುಮಾಡಿ ನಡುವೆ ಒಂದು ಬೈಗುಳ ಅಪ್ಪಟ ವಿಜಾಪುರದ ಕನ್ನಡದಲ್ಲಿ ಬಂತು. ನಾನು ಕನ್ನಡದಲ್ಲೇ, "ಅಕ್ಕಾ, ಅದು ನನ್ನದು, ಕೊಡಿ," ಎಂದೆ.

"ಕನ್ನಡದಾಕಿ ಏನವಾ ನೀ?" ಎಂದಳು. ದನಿ ಇಳಿಯಲಿಲ್ಲ. "ಕನ್ನಡದಾಕಿ ಆಗಿ ಆ ಬಿಲ್ಡರ್‌ನ ಕೆಲಸ ಮಾಡಾಕತ್ತೀ? ನೋಟೀಸ್ ಹಚ್ಚಿದ್ರು, ನಳಾ ಬಂದ್ ಮಾಡಿದ್ರು, ಈಗ ಮ್ಯಾಲಿಂದ ಇಣುಕಿ ನೋಡಾಕತ್ತಾರೇನು? ಗಿರಣಿ ಬಂದಾತು ಅಂದ್ರ, ಇದೊಂದು ಹಾರೋ ಗಿರಣಿ ಬಂತು."

ಬಿಲ್ಡರಿಗೂ ನನಗೂ ಸಂಬಂಧವಿಲ್ಲ ಎಂದೆ. ನಂಬಲಿಲ್ಲ. ನಾನು ಈ ಕಾಲೊನಿಯವಳೇ, ಕ್ಯಾಂಟೀನಿನವರ ಮಗಳು ಎಂದೆ. ಆಗ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎರಡು ಜಡಿ ಹಾಕ್ಕೊಂಡು ಗಲ್ಲಾದ ಮ್ಯಾಲೆ ಕುಂತು ಎಲ್ಲಾರಿಗೂ ಜೋರು ಮಾಡ್ತಿತ್ತಲ್ಲ, ಆ ಹುಡಿಗಿ ಏನು?" ಹೌದೆಂದೆ. "ಹಂಗಾರ ಒಳಗ ಬಾ," ಎಂದು ಚಹಕ್ಕೆ ಇಟ್ಟಳು. ನನ್ನ ಗುರುತು ಹೀಗೆ ಜೋರಿನಿಂದಲೇ ಸಿಕ್ಕಿತು, ನನಗೇನೂ ಬೇಸರವಿಲ್ಲ.

ಅವಳ ಗಂಡ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು, ಗಿರಣಿ ಮುಚ್ಚಿದ ಮೂರನೇ ವರ್ಷ ತೀರಿಹೋದರು. ಮಗಳು ಕಲ್ಯಾಣದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಬೆಳಿಗ್ಗೆ ಹೋದರೆ ರಾತ್ರಿ ಎಂಟಕ್ಕೆ ಬರುವುದು. ಇಬ್ಬರಿಗೂ ಕಾಗದದ ಮೇಲೆ ಇದ್ದದ್ದು ಮೂರನೇ ಮಹಡಿಯ ಹದಿನಾಲ್ಕನೇ ಖೋಲಿ. ಸ್ಲ್ಯಾಬು ಸೋರಿ ಗಾರೆ ಉದುರತೊಡಗಿದ ಮೇಲೆ, ಮೊಣಕಾಲೂ ಕೈಕೊಟ್ಟದ್ದರಿಂದ, ಅದೇ ಕಟ್ಟಡದ ನೆಲಮಹಡಿಯ ಹಿಂದಿನ ಖೋಲಿಗೆ ಇಳಿದಿದ್ದರು. ಇರುವವರಿಗೆ ಬದಲಿ ಮನೆ ಕೊಡಬೇಕೆಂದು ನಿಯಮವಿತ್ತು. ಪಟ್ಟಿಯಲ್ಲಿ ಖಾಲಿ ಎಂದು ಇರುವವರಿಗೆ ಏನೂ ಇಲ್ಲ. ಬುಲ್ಡೋಜರ್ ಬಂದ ದಿನ ಮೆಣಸಿನಕಾಯಿ ಕಟ್ಟಿಕೊಂಡು ರಸ್ತೆಗೆ ನಡೆಯುವುದು.

"ಸರ್ವೇದವರು ಬಂದಾಗ ನೀವೆಲ್ಲಿದ್ರಿ?" ಎಂದು ಕೇಳಿದೆ.

"ಇಲ್ಲೇ ಇದ್ದೆ. ಒಬ್ಬಾಂವ ಫೋನ್ ಮಾಡಿದ್ದ. ಇದೀನಿ ಬಾರಪಾ ಅಂದೆ. ಚಾ ಇಟ್ಕೊಂಡು ಕುಂತೆ. ಬರಲೇ ಇಲ್ಲ."

ನನ್ನ ತಲೆಯಲ್ಲಿ ಒಂದೇ ಮಾತು ಕೂತಿತು: ಮೋಸ. ಫೋನಿನಲ್ಲಿ ಮಾತಾಡಿ, ಇದ್ದಾಳೆಂದು ತಿಳಿದೂ ಖಾಲಿ ಎಂದು ಬರೆದಿದ್ದಾರೆ. ನಾನು ಬಿಡುವವಳಲ್ಲ ಎಂದು ಅಲ್ಲೇ ಹೇಳಿದೆ. ಅವಳು, "ಬಿಡಬ್ಯಾಡ," ಎಂದಳು, ಸಕ್ಕರೆ ಇನ್ನಷ್ಟು ಬೇಕೇ ಎಂದು ಕೇಳಿದ ಹಾಗೆ.

ಡ್ರೋನಿನ ಒಂದು ರೆಕ್ಕೆ ಮುರಿದಿತ್ತು. ಹೊಸದು ಹಾಕಿಸಿ, ಹನ್ನೆರಡು ದಿನಗಳಲ್ಲಿ ನಾಲ್ಕು ಬಾರಿ ಏಳನೇ ಕಟ್ಟಡದ ಮೇಲೆ ಹಾರಿಸಿದೆ. ಅವಳು ಅಂಗಳ ಗುಡಿಸುವುದು, ಟ್ಯಾಂಕರಿನಿಂದ ನೀರು ಹೊತ್ತು ತರುವುದು, ಮಗಳು ಬೀಗದ ಕೈ ಬೀಸುತ್ತ ಹೊರಡುವುದು, ಎಲ್ಲ ಹಿಡಿದೆ. ಅವಳಿಗೂ ರುಚಿ ಹತ್ತಿತು. ಮೂರನೇ ಸಲ ಹೋದಾಗ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. "ಇದ್ದದ್ದು ಇದ್ದ ಹಾಗೆ ಬೇಕು ಅಕ್ಕಾ," ಎಂದರೆ, "ಇದೂ ಇದ್ದದ್ದೇ, ಪೆಟ್ಟಿಗ್ಯಾಗ ಇತ್ತು," ಎಂದಳು.

ಮನೆಯಲ್ಲಿ ಗಂಡನಿಗೆ ಭಯ. "ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು, ಹಾಗೆ ಮಾಡು. ವಿಡಿಯೋ ಯಾರು ತೆಗೆದದ್ದು ಅಂತ ಹೇಳ್ಬೇಡ. ಪರ್ಮಿಷನ್ ಉಂಟಾ ನಿನ್ನ ಹತ್ರ?" ಎಂದರು. ಅವರ ಮಾತು ತಪ್ಪಲ್ಲ. ಆದರೆ ಯಾರು ತೆಗೆದದ್ದೆಂದು ಹೇಳದ ವಿಡಿಯೋವನ್ನು ಯಾರು ನಂಬುತ್ತಾರೆ? ಕೋಲು ಮುರಿಯುವುದಾದರೆ ಮುರಿಯಲಿ ಎಂದೆ. ಅವರು ಎರಡು ದಿನ ನನ್ನ ಜೊತೆ ಮನೆಮಾತು ತುಳುವಿನಲ್ಲಿ ಮಾತಾಡಲಿಲ್ಲ, ಕನ್ನಡದಲ್ಲೇ ಆಡಿದರು. ನಮ್ಮ ಮನೆಯಲ್ಲಿ ಅದು ದೊಡ್ಡ ಜಗಳ.

ಸುನಾವಣಿಯ ದಿನ ಮಗಳಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ ಹೋದೆವು. ಡ್ರೋನನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಕಚೇರಿಯ ಅಧಿಕಾರಿ ಮರಾಠಿಯವರು, ಕಡತದಿಂದ ತಲೆ ಎತ್ತದೆ ಮಾತಾಡುವ ಪೈಕಿ. ಇನ್ನೊಂದು ಬದಿಗೆ ಏಜೆನ್ಸಿಯ ಮುಖ್ಯಸ್ಥ, ಅವನ ಪಕ್ಕದಲ್ಲಿ ಸರ್ವೇ ಮಾಡಿದ ಯುವಕ. ಉತ್ತರ ಭಾರತದ ಕಡೆಯಿಂದ ಬಂದು ಆರು ತಿಂಗಳಾಗಿತ್ತಂತೆ, ಪಟ್ಟಿಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ.

ನಾನು ಲ್ಯಾಪ್‌ಟಾಪ್ ತೆರೆದು ವಿಡಿಯೋ ತೋರಿಸಿದೆ. ಅಧಿಕಾರಿ ನೋಡಿದರು. ಏಜೆನ್ಸಿಯವನು, ಇದು ಹಳೆಯದಿರಬಹುದು, ಅಲ್ಲದೆ ಡ್ರೋನ್ ಹಾರಿಸಲು ಅನುಮತಿ ಎಲ್ಲಿದೆ ಎಂದ. ಅಧಿಕಾರಿ ತಲೆ ಎತ್ತಿ ಕೇಳಿದರು: "ಹೇ ಕುಣೀ ಕಾಢಲಂ?" ಇದನ್ನು ತೆಗೆದವರು ಯಾರು?

ಗಂಡನ ಮುಖ ಕಣ್ಣೆದುರು ಬಂತು. "ನಾನು. ಪರವಾನಗಿ ಇಲ್ಲ. ಬರೆದುಕೊಳ್ಳಿ, ದಂಡ ಹಾಕಿ. ಆದರೆ ನನ್ನ ತಪ್ಪು ಬರೆಯುವ ಪೆನ್ನಿನಿಂದಲೇ ಈ ಕಟ್ಟಡದಲ್ಲಿ ಜನ ಇದ್ದಾರೆ ಎಂದೂ ಬರೆಯಿರಿ," ಎಂದು ಮರಾಠಿಯಲ್ಲಿ ಹೇಳಿ, ಚೀಲದಿಂದ ಡ್ರೋನ್ ತೆಗೆದು ಮೇಜಿನ ಮೇಲಿಟ್ಟೆ. ಜಮಾ ಮಾಡಿಕೊಳ್ಳಬೇಕಾಗುತ್ತದೆ ಎಂದರು. ಮಾಡಿಕೊಳ್ಳಿ ಎಂದೆ. ಅದು ನನಗೆ ಮರಳಿ ಸಿಕ್ಕಿದ್ದು ಏಳು ತಿಂಗಳ ಮೇಲೆ, ಬ್ಯಾಟರಿ ಇಲ್ಲದೆ.

"ಸರ್ವೇದವರು ಇವರ ಜೊತೆ ಫೋನಿನಲ್ಲಿ ಮಾತಾಡಿದ್ದಾರೆ. ಆದರೂ ಖಾಲಿ ಎಂದು ಬರೆದಿದ್ದಾರೆ. ಇದು ಮೋಸ," ಎಂದು ಮುಂದುವರಿಸಿದೆ. ಆ ಯುವಕ ಎದ್ದು ನಿಂತ. "ಸರ್, ಮೈಂ ಝೂಟ್ ನಹೀಂ ಬೋಲಾ. ಇನ್ಹೋಂನೇ ಖುದ್ ಬೋಲಾ, ಖಾಲೀ ಹೈ." ಸುಳ್ಳು ಬರೆದಿಲ್ಲ, ಖಾಲಿ ಎಂದು ಇವರೇ ಹೇಳಿದ್ದು ಎಂದ. ನಾನು ಬಾಯಿ ತೆರೆಯುವುದರೊಳಗೆ ಅಧಿಕಾರಿ ನನ್ನನ್ನು ಕೈಯಿಂದ ತಡೆದು, ನೇರ ಅವಳನ್ನೇ ಕೇಳಿದರು: ಫೋನಿನಲ್ಲಿ ಏನು ಹೇಳಿದಿರಿ?

"ಹೇಳಿದ್ನಲ್ಲ," ಎಂದು ಅವಳು ಎದ್ದಳು. ಆಮೇಲೆ ಅಧಿಕಾರಿಗೆ ತಿಳಿಯಲೆಂದು ತನ್ನ ಮರಾಠಿಯಲ್ಲಿ, ಇಡೀ ಕಚೇರಿಗೆ ಕೇಳುವಂತೆ: "ಮೀ ಖಾಲೀ ಆಹೆ! ಖಾಲೀಚ್ ಆಹೆ!"

ಏಜೆನ್ಸಿಯ ಮುಖ್ಯಸ್ಥ ನಕ್ಕುಬಿಟ್ಟ. ಕನ್ನಡದ ಕಿವಿಗೆ ಅವಳು ತನ್ನ ಮನೆಯ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ ಕೇಳಿಸಿತು. ಅಧಿಕಾರಿ ಮಾತ್ರ ನಗಲಿಲ್ಲ. ಪೆನ್ನು ಕೆಳಗಿಟ್ಟು ಆ ಯುವಕನನ್ನು ನೋಡಿದರು.

"ಫೋನ್ ಮಾಡಿದಾಗ ನೀನು ಎಲ್ಲಿ ನಿಂತಿದ್ದೆ?"

"ಮೂರನೇ ಮಹಡಿ, ಸರ್. ಹದಿನಾಲ್ಕರ ಬಾಗಿಲ ಮುಂದೆ. ಬೀಗ ಇತ್ತು, ಬಾಗಿಲ ಮೇಲೆ ಇವರ ಫೋನ್ ನಂಬರು ಬರೆದಿತ್ತು."

"ಅವರು ಹೇಳಿದ್ದು ಮರಾಠಿ. ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ. ನಾನು ಕೆಳಗಿದ್ದೇನೆ ಎಂದಿದ್ದಾರೆ." ಆಮೇಲೆ ಮರಾಠಿಯಲ್ಲೇ ಅವನ ಮುಖ್ಯಸ್ಥನನ್ನು ಕೇಳಿದರು: "ರಿಕಾಮೀ ಖೋಲೀ ಫೋನ್ ಉಚಲತೇ ಕಾ?" ಯಾರೂ ಇಲ್ಲದ ಖೋಲಿ ಫೋನ್ ಎತ್ತುತ್ತದೆಯೇ?

ಯುವಕನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಹನ್ನೆರಡು ದಿನ ಮೋಸ ಮೋಸ ಎಂದು ಕುದಿದ ನನ್ನ ಸಿಟ್ಟಿಗೆ ಒಮ್ಮೆಗೇ ಕೂರಲು ಜಾಗ ಇಲ್ಲವಾಯಿತು. ಚಿಕ್ಕಂದಿನಿಂದ ಮರಾಠಿ ಆಡಿದ ನನಗೂ ಅದು ಹೊಳೆದಿರಲಿಲ್ಲ. ಗೇಟಿನಲ್ಲಿ ಪಟ್ಟಿ ಓದಿ ನಂಬಿದವಳು ನಾನೂ ತಾನೇ? ನಾಚಿಕೆಯಾಯಿತು. ಆದರೆ ಸಿಟ್ಟು ಪೂರ್ತಿ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಮೂರು ಮಹಡಿ ಇಳಿದು ಒಂದು ಬಾಗಿಲು ತಟ್ಟಿದ್ದರೆ ಅವನಿಗೆ ಚಹ ಸಿಗುತ್ತಿತ್ತು, ಅವಳಿಗೆ ಮನೆ ಉಳಿಯುತ್ತಿತ್ತು. ತಪ್ಪು ತಿಳಿದದ್ದಕ್ಕೆ ಕ್ಷಮೆ ಇದೆ, ಇಳಿಯದ್ದಕ್ಕೆ ಇಲ್ಲ. ಇದನ್ನು ನಾನು ಅಲ್ಲೇ ಹೇಳಿದೆ. ಅಧಿಕಾರಿ, "ಬಾಯೀ, ಪುರೇ," ಎಂದರು. ಸಾಕೆಂದರೆ ನಿಲ್ಲಿಸುವವಳೂ ನಾನಲ್ಲ, ಅವತ್ತು ನಿಲ್ಲಿಸಿದೆ.

ಅವರು ಪಟ್ಟಿಯಲ್ಲಿ ಆ ಒಂದು ಮಾತನ್ನು ಹೊಡೆದುಹಾಕಿ, ಪಕ್ಕದಲ್ಲಿ ತಿದ್ದಿ, ಸಹಿ ಮಾಡಿ, ಮೊಹರು ಒತ್ತಿ, ಪೆನ್ನಿಗೆ ಮುಚ್ಚಳ ಹಾಕಿದರು. ಹೆಬ್ಬೆಟ್ಟು ಒತ್ತಲು ಕಾಗದವನ್ನು ನಮ್ಮ ಕಡೆ ತಿರುಗಿಸಿದರು. ಅವಳು ಹೆಬ್ಬೆಟ್ಟನ್ನು ಶಾಯಿಯ ಹತ್ತಿರವೂ ತರಲಿಲ್ಲ. "ಏನ್ ಬರದಾರ? ಓದಿ ಹೇಳು," ಎಂದಳು ನನಗೆ.

ಕನ್ನಡದಲ್ಲಿ ಓದಿ ಹೇಳಿದೆ. ಕಟ್ಟಡ ಏಳು, ಖೋಲಿ ಹದಿನಾಲ್ಕು, ಅವಳ ಗಂಡನ ಹೆಸರು, ದಿವಂಗತ. ಸದ್ಯ ನೆಲಮಹಡಿಯಲ್ಲಿ ಕುಟುಂಬದವರು ವಾಸವಾಗಿದ್ದಾರೆ.

"ಕುಟುಂಬದವ್ರು ಅಂದ್ರ ಯಾರು?" ಎಂದಳು. "ಸತ್ತಾಂವನ ಹೆಸರು ಐತಿ. ಇದ್ದಾಕಿದು ಎಲ್ಲೈತಿ? ನಾನು ಅಂತ ಬರಸು."

ನಾನು ಮರಾಠಿಯಲ್ಲಿ ಹೇಳಿದೆ. ಅಧಿಕಾರಿ ಪೆನ್ನಿನ ಮುಚ್ಚಳ ಮತ್ತೆ ತೆಗೆದು, ಹೆಸರೇನು ಎಂದು ಕೇಳಿದರು. ಅವಳು ತನ್ನ ಹೆಸರನ್ನು ಎರಡು ಸಲ ಹೇಳಿದಳು, ಎರಡನೆಯ ಸಲ ನಿಧಾನವಾಗಿ, ಅವರು ಬರೆದು ಮುಗಿಸುವವರೆಗೆ.